ಅಜ್ಜಿಮೂಗಿನ ಒಂದು ಗಂಟೆ

ನಾರ್ಮನ್ ಥ್ವೇಟ್‌ನ ಹೆಣ ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ಅಜ್ಜಿಮೂಗಿನ ಆಚೆ ಬದಿಯ ಬಂಡೆಗಳ ಸಂದಿನಲ್ಲಿ. ಏಡಿ ಹಿಡಿಯುವ ಜೋರಿ ಕೆಂಪು ಜಾಕೆಟ್ಟನ್ನು ದೂರದಿಂದ ಕಂಡು, ಹರಿದ ಬಲೆಯೋ ಏನೋ ಎಂದು ದೋಣಿ ತಿರುಗಿಸಿದನಂತೆ. ಬೂಟಿನ ದಾರ ಎರಡೆರಡು ಗಂಟು ಹಾಕಿ ಬಿಗಿದದ್ದು ಹಾಗೇ ಇತ್ತು.

ಸುದ್ದಿ ನನ್ನ ಅಡುಗೆಮನೆಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಹೇಳಲು ಇವತ್ತಿಗೂ ನಾಚಿಕೆ. ಬಾಗಿಲ ಪಕ್ಕದ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ನೋಡದೆ, ಓದದೆ.

ನಾನು ಲವ್‌ಡೇ ಪಾಸ್ಕೋ. ಕಾರ್ನ್‌ವಾಲಿನ ಈ ಪೆನ್ವೆತ್ತಾ ಊರಿನಲ್ಲಿ ಕಡಲದಂಡೆ ನಡೆಯುವವರಿಗೆ ಹಾಸಿಗೆ, ಬೆಳಗಿನ ತಿಂಡಿ ಕೊಡುವ ಮನೆ ನಡೆಸುತ್ತೇನೆ. ಇಲ್ಲಿಂದ ಮುಂದಿನ ಊರಿಗೆ ಎರಡು ದಾರಿ. ಒಂದು ಮೇಲುದಾರಿ: ಮುನ್ನೂರ ಹತ್ತು ಮೆಟ್ಟಿಲು, ಆಮೇಲೆ ಗುಡ್ಡದ ಅಂಚು. ಇನ್ನೊಂದು ಕೆಳಗೆ ಮರಳಿನ ಮೇಲೆ, ಸಪಾಟು. ಆದರೆ ನಡುವೆ ಅಜ್ಜಿಮೂಗು ಎಂಬ ಬಂಡೆ ಸಮುದ್ರಕ್ಕೆ ಚಾಚಿಕೊಂಡಿದೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ ಅದರ ಬುಡದ ದಾರಿ ತೆರೆಯುತ್ತದೆ, ಇಳಿದ ಒಂದು ಗಂಟೆಗೆ ಮುಚ್ಚುತ್ತದೆ. ತಪ್ಪಿದರೆ ಹಿಂದೆಯೂ ನೀರು, ಮುಂದೆಯೂ ನೀರು.

ಇಳಿತದ ಹೊತ್ತನ್ನು ಹೇಳುವ ಹಳದಿ ಪುಸ್ತಕ ನನ್ನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತದೆ. ಅದು ಚಳಿಗಾಲದ ಗಡಿಯಾರಕ್ಕೆ ಅಚ್ಚಾದದ್ದು. ಬೇಸಿಗೆಯಲ್ಲಿ ನಾವು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಪುಸ್ತಕದ ಹೊತ್ತಿಗೆ ಒಂದು ಗಂಟೆ ಸೇರಿಸಿಕೊಳ್ಳಬೇಕು. ಪೇಟೆಯವರಿಗೆ ಇದು ತಲೆಗೆ ಹೋಗುವುದಿಲ್ಲ ಎಂದು ನಾನೇ ದಿನವೂ ಲೆಕ್ಕ ಹಾಕಿ ಸ್ಲೇಟಿನಲ್ಲಿ ಬರೆದಿಡುತ್ತೇನೆ. ನನ್ನ ಅತ್ತೆ ಹಾಕಿಕೊಟ್ಟ ಪದ್ಧತಿ.

ಮಂಗಳವಾರ ಬೆಳಿಗ್ಗೆ ನಾರ್ಮನ್ ದಂಪತಿಯೂ ಸೇರಿ ಆರು ಜನರ ತಿಂಡಿ, ಬಾಣಲೆಯಲ್ಲಿ ಮೊಟ್ಟೆ ಸೀಯುತ್ತಿತ್ತು. ಆ ಗಡಿಬಿಡಿಯಲ್ಲಿ ಗಂಟೆ ಸೇರಿಸಿದ್ದೆನೋ, ಇಲ್ಲವೋ? ಎಷ್ಟು ನೆನೆದರೂ ನೆನಪಾಗಲಿಲ್ಲ. ಸ್ಲೇಟು ಒರೆಸಿದ ಮೇಲೆ ಕೇಳುವುದಾದರೂ ಯಾರನ್ನು? ಒಬ್ಬ ಮನುಷ್ಯನನ್ನು ಸೀಮೆಸುಣ್ಣದಲ್ಲಿ ಕೊಂದೆನೇ? ಎರಡು ದಿನ ಅನ್ನ ನೀರು ಸೇರಲಿಲ್ಲ.

ಊರಿನ ಬಾಯಿಗೆ ಬೀಗ ಹಾಕುವವರುಂಟೇ? 'ಪೇಟೆಯವನು, ಒಂದು ಗಂಟೆ ಸೇರಿಸೋದು ಮರೆತ' ಎಂದರು. ನಮ್ಮ ಕಡೆ ಯಾರು ಮುಳುಗಿದರೂ ಹೇಳುವ ಮಾತೇ ಅದು. ಕಾನ್‌ಸ್ಟೇಬಲ್ಲೂ ಅದನ್ನೇ ಬರೆದುಕೊಂಡ. ನಾರ್ಮನ್‌ನ ಹೆಂಡತಿ ಬೆರಿಲ್ ಕೂಡ ಅದನ್ನೇ ಹೇಳಿದಳು. ಆಮೇಲೆ ಅಂಗಡಿಯಲ್ಲಿ ಒಬ್ಬಳು ದನಿ ತಗ್ಗಿಸಿ, "ಮರೆತದ್ದು ಅವನೋ, ಲವ್‌ಡೇನೋ?" ಎಂದಳು. ನಾನು ರೊಟ್ಟಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಗುರುವಾರ ಸೆನಾರಾ ಟ್ರೆನೀರ್ ಬಂದಳು. ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ. ನನಗೆ ಒಂದೇ ಬೆಂಚಿನ ಗೆಳತಿ. ಗಿಡ್ಡಗೆ, ಗುಂಡಗೆ ಇದ್ದಾಳೆ. ಮೂರನೇ ಬಿಸ್ಕತ್ತು ತಿನ್ನುವವರೆಗೂ ಕೆಲಸದ ಮಾತು ಆಡುವವಳಲ್ಲ. ಆ ದಿನ ಒಂದಕ್ಕೇ ನಿಲ್ಲಿಸಿದಳು.

"ಸ್ಲೇಟು ಯಾಕೆ ಒರೆಸಿದೆ?"

"ಭಯ ಆಯ್ತು ಕಣೇ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೆ ಅನ್ನು. ಏನು ಬರೆದಿದ್ದೆ?"

"ಅದೇ ಗೊತ್ತಿಲ್ಲ! ಪುಸ್ತಕದಲ್ಲಿ ಹನ್ನೊಂದು ಹತ್ತು ಅಂತಿದೆ. ಸೇರಿಸಿದ್ರೆ ಹನ್ನೆರಡು ಹತ್ತು. ಸೇರಿಸದೇ ಇದ್ರೆ..." ನನಗೆ ಅಳು ಬಂತು. "ಸೇರಿಸದೇ ಇದ್ರೆ ನಾನೇ ಅವನನ್ನ ಕೊಂದ ಹಾಗಲ್ವೇನೇ?"

ಸೆನಾರಾ ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಗಂಡ ಹೆಂಡತಿ ಹೇಗಿದ್ರು?"

ಹೇಗಿದ್ದರು ಎಂದರೆ ಏನು ಹೇಳುವುದು? ಡರ್ಬಿ ಕಡೆಯವರು, ಸಮುದ್ರಕ್ಕೆ ಬಲು ದೂರದ ಊರು. ಹಳ್ಳಿ, ಹೊಲ, ಕಡಲದಂಡೆ ಎಂದು ಹದಿನಾಲ್ಕು ದಿನ ನಡೆಯುವ ರಜೆ, ಯೋಜನೆಯೆಲ್ಲ ಅವನದು. ಬಂದ ಸಂಜೆಯೇ ನನ್ನ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಕುರ್ಚಿ ಹತ್ತಿ ಸರಿಮಾಡಿದ. ಬೆರಿಲ್ 'ಇವತ್ತು ಒಂಬತ್ತು ಮೈಲಿ' ಎಂದರೆ, 'ಒಂಬತ್ತೂಕಾಲು, ಬೆರಿಲ್' ಎನ್ನುವನು. ಅವಳು ಮಾತು ಶುರು ಮಾಡುವ ಮುಂಚೆಯೇ 'ತಪ್ಪು, ಬೆರಿಲ್'. ಹಾಗೆಂದು ಕೆಟ್ಟವನೆನ್ನಲಾರೆ. ಅವಳ ಮೊಣಕಾಲಿಗೆ ಬಿಸಿನೀರಿನ ಚೀಲ ಬೇಕೆಂದು ಕೇಳಿ ತೆಗೆದುಕೊಂಡು ಹೋದವನೂ ಅವನೇ.

"ಮೊಣಕಾಲು ನೋವಾ?" ಸೆನಾರಾ ತಲೆಯೆತ್ತಿದಳು. "ಆದ್ರೂ ಮುನ್ನೂರ ಹತ್ತು ಮೆಟ್ಟಿಲು ಹತ್ತಿ ಮೇಲುದಾರೀಲಿ ಹೋದ್ಲು?"

"ಒದ್ದೆ ಬಂಡೆ ಅಂದ್ರೆ ಭಯ ಅಂದ್ಲು."

"ಹೂಂ. ನಡಿ, ಜೋರೀನ ನೋಡೋಣ."

ಜೋರಿ ದಕ್ಕೆಯ ಮೇಲೆ ಏಡಿಬುಟ್ಟಿ ರಿಪೇರಿ ಮಾಡುತ್ತಿದ್ದ. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಬದುಕಿದ್ದಾಗ ನೋಡಿದ್ಯಾ ಅವನನ್ನ?"

"ನೋಡಿದ್ದೆ."

"ಕಾನ್‌ಸ್ಟೇಬಲ್ಲಿಗೆ ಹೇಳಲಿಲ್ವಾ?"

"ಅವನು ಕೇಳಿದ್ರೆ ತಾನೇ? ಹೆಣ ಎಲ್ಲಿತ್ತು ಅಂದ, ತೋರಿಸಿದೆ. 'ಗಂಟೆ ಸೇರಿಸೋದು ಮರೆತಿದಾನೆ ಬಡ್ಡಿಮಗ' ಅಂತ ತಾನೇ ಬರ್ಕೊಂಡು ಹೋದ."

"ಈಗ ನಾನು ಕೇಳ್ತಿದೀನಿ. ಎಲ್ಲಿ ನೋಡಿದೆ? ಎಷ್ಟು ಹೊತ್ತಿಗೆ?"

"ಮರಳಿಗೆ ಇಳಿಯೋ ಕಡೇ ಮೆಟ್ಟಿಲ ಮೇಲೆ ಕೂತಿದ್ದ. ಹನ್ನೆರಡೂವರೆ ಇರಬೇಕು. ಇವಳು ಕಾಗದದಲ್ಲಿ ಕಟ್ಟಿಕೊಟ್ಟ ಮಾಂಸದ ಕಡುಬು ತಿಂತಿದ್ದ, ಗಡಿಯಾರ ನೋಡ್ತಿದ್ದ. ದೋಣೀಲಿ ರೇಡಿಯೋ ಹಾಕಿದ್ದೆ. ಒಂದು ಗಂಟೆ ಸುದ್ದಿ ಶುರುವಾಯ್ತು — ಇನ್ನೂ ಕೂತೇ ಇದ್ದ. ಕ್ರಿಕೆಟ್ ಸುದ್ದಿ ಬರೋ ಹೊತ್ತಿಗೆ ಎದ್ದು ಕಾಗದ ಮಡಿಚಿ ಜೇಬಿಗಿಟ್ಟು ಇಳಿದ."

"ಅಂದ್ರೆ ಒಂದು ಹತ್ತು?"

"ಅಷ್ಟೇ. ನಾನು ಬುಟ್ಟಿ ಎಳೆಯೋ ಕೆಲಸದಲ್ಲಿದ್ದೆ, ನೋಡಮ್ಮ. ಸುಮ್ನೆ ದಡದಲ್ಲಿ ಓಡಾಡ್ತಾನೆ ಅಂದ್ಕೊಂಡೆ. ಆ ಹೊತ್ತಲ್ಲಿ ಅಜ್ಜಿಮೂಗಿಗೆ ಯಾವ ಹುಚ್ಚ ಹೋಗ್ತಾನೆ? ಕೈ ಬೀಸಿದೆ. ಅವನೂ ಬೀಸಿದ." ಜೋರಿ ಹಗ್ಗ ಕೆಳಗಿಟ್ಟ. "ಕೂಗಬೇಕಿತ್ತು."

ವಾಪಸು ಬರುವಾಗ ಸೆನಾರಾ ಮನೆಯ ಬೇಲಿಯ ಹತ್ತಿರ ನಿಂತಳು.

"ಲವ್‌ಡೇ, ಇನ್ನೂ ಒಂದು ಮುಚ್ಚಿಟ್ಟಿದೀಯ. ನಿನ್ನ ಮುಖ ನನಗೆ ಗೊತ್ತಿಲ್ವೇನೇ? ಕಕ್ಕಿಬಿಡು."

ಮುಚ್ಚಿಟ್ಟಿದ್ದೆ, ನಿಜ. ಮಂಗಳವಾರ ತಿಂಡಿಯ ಹೊತ್ತಿಗೆ ಬೆರಿಲ್ ಒಬ್ಬಳೇ ಅಡುಗೆಮನೆಗೆ ಬಂದಿದ್ದಳು. ಸ್ಲೇಟಿನ ಹೊತ್ತಿಗೆ ನಾವು ಏನಾದರೂ ಸೇರಿಸಬೇಕಾ ಎಂದು ಕೇಳಿದ್ದಳು. 'ಬೇಡ ಕಣಮ್ಮ, ನಾನೇ ಸೇರಿಸಿ ಬರೆದಿದೀನಿ, ಇದ್ದ ಹಾಗೇ ನಂಬಿ' ಎಂದಿದ್ದೆ. ಅಷ್ಟು ಧೈರ್ಯದಿಂದ ಹೇಳಿದೆನಲ್ಲ, ಸೇರಿಸದೇ ಹೇಳಿದ್ದರೆ? ಆ ಮಾತೇ ನನ್ನ ಕುತ್ತಿಗೆಗೆ ಬರುತ್ತದೆಂದು ಬಾಯಿ ಹೊಲಿದುಕೊಂಡಿದ್ದೆ.

ಸೆನಾರಾ ಕಣ್ಣು ಮುಚ್ಚಿ ತೆರೆದಳು. "ಅಯ್ಯೋ ಪೆದ್ದಿ," ಎಂದಳು, ಮೆತ್ತಗೆ.

ಹೆಣ ಸಿಕ್ಕ ದಿನವೇ ಮುಂದಿನ ಊರಿನಿಂದ ನನ್ನ ಮನೆಗೆ ವಾಪಸು ಬಂದಿದ್ದ ಬೆರಿಲ್ ಹೊರಕೋಣೆಯ ಕಿಟಕಿಯ ಬಳಿ ಕೂತಿದ್ದಳು. ಮೇಜಿನ ಮೇಲೆ ಚಹಾ ಆರಿತ್ತು. ಗಂಡನ ನಕ್ಷೆಯನ್ನು ಮಡಿಚುತ್ತಿದ್ದಳು, ಬಿಚ್ಚುತ್ತಿದ್ದಳು. ಅವನು ಮಡಿಚುತ್ತಿದ್ದ ಹಾಗೆ ಅವಳಿಗೆ ಬರುತ್ತಿರಲಿಲ್ಲ.

"ಮಿಸೆಸ್ ಥ್ವೇಟ್, ನಿಮ್ಮ ಯಜಮಾನರು ಹೇಗೆ ಸತ್ತರು ಅಂತೀರಿ?"

"ಹೇಳಿದ್ನಲ್ಲ. ಸ್ಲೇಟು ನೋಡಿಕೊಂಡು ಹೋದ್ರು. ಒಂದು ಗಂಟೆ ಸೇರಿಸೋದು ಮರೆತ್ರು ಅನ್ಸುತ್ತೆ. ಇಲ್ಲಿ ಎಲ್ಲರೂ ಹಾಗೇ ಅಂತಾರೆ."

"ಹೌದು, ಎಲ್ಲರೂ ಅಂತಾರೆ. ನಾವು ಹುಟ್ಟಿದಾಗಿಂದ ಅಂತೀವಿ. ಅದಕ್ಕೇ ಯಾರೂ ಯೋಚಿಸಲಿಲ್ಲ." ಸೆನಾರಾ ಅವಳ ಎದುರು ಕುರ್ಚಿ ಎಳೆದುಕೊಂಡಳು. "ಗಂಟೆ ಸೇರಿಸೋದು ಮರೆತೋನು ಯಾವಾಗ ಬರ್ತಾನೆ ಹೇಳಿ? ಬೇಗ ಬರ್ತಾನೆ. ಒಂದು ಗಂಟೆ ಬೇಗ. ನೀರು ಇನ್ನೂ ಇಳೀತಿರುತ್ತೆ. ಕಾಲು ಒದ್ದೆ ಆಗುತ್ತೆ, ಬೈಕೊಂಡು ಕಾಯ್ತಾನೆ. ಸಾಯಲ್ಲ. ಇಲ್ಲಿ ಮರೆತು ಮುಳುಗೋರು ನೀರು ಏರಿ ಮುಗೀತು, ಇನ್ನು ಇಳಿಯುತ್ತೆ ಅಂತ ನಂಬಿ ಬಂಡೆ ಮೇಲೆ ಉಳಿದೋರು. ದಾಟೋಕೆ ಅಂತ ಇಳಿತ ಕಾಯೋನು ಮರೆವಿನಿಂದ ಸಾಯೋಕಾಗಲ್ಲ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಿಜವಾದ ಇಳಿತ ಹನ್ನೆರಡು ಹತ್ತಕ್ಕೆ. ನಿಮ್ಮವರು ಹನ್ನೆರಡೂವರೆಗೇ ಮೆಟ್ಟಿಲ ಹತ್ರ ಇದ್ರು. ದಾರಿ ತೆರೆದೇ ಇತ್ತು. ಆಗಲೇ ಹೋಗಿದ್ರೆ ಆರಾಮಾಗಿ ದಾಟ್ತಿದ್ರು. ಹೋಗಲಿಲ್ಲ. ನೀರು ಪೂರ್ತಿ ಇಳಿಯೋ ನಿಮಿಷಕ್ಕೇ ಹೊರಡಬೇಕು ಅಂತ ಕೂತು ಕಾದ್ರು. ಸರಿಯಾಗಿ ಒಂದು ಹತ್ತಕ್ಕೆ ಎದ್ರು. ಕಣ್ಣೆದುರು ನೀರು ಏರ್ತಿದ್ರೂ ಗಡಿಯಾರಾನೇ ನಂಬೋ ಮನುಷ್ಯ. ಒಂದು ಹತ್ತು ಎಲ್ಲಿಂದ ಬಂತು? ಹನ್ನೆರಡು ಹತ್ತಕ್ಕೆ ಇನ್ನೊಂದು ಗಂಟೆ ಸೇರಿಸಿದ್ರೆ ಬರುತ್ತೆ. ಲವ್‌ಡೇ ಸೇರಿಸಿದ್ಲು. ಅದರ ಮೇಲೆ ಅವರೂ ಸೇರಿಸಿದ್ರು."

ಬೆರಿಲ್ ನಕ್ಷೆಯನ್ನು ಮಡಿಚುವುದು ನಿಲ್ಲಿಸಿದಳು.

"ಲವ್‌ಡೇ ಮರೆತು ಹನ್ನೊಂದು ಹತ್ತು ಅಂತ ಬರೆದಿದ್ರೆ, ಅವರು ಸೇರಿಸಿದ ಗಂಟೆ ಸರಿಯಾಗಿ ಕೂತ್ಕೊಂಡು ಈಗ ಇಲ್ಲೇ ಚಹಾ ಕುಡೀತಿದ್ರು. ಇವಳು ಸರಿಯಾಗಿ ಬರೆದಿದ್ದಕ್ಕೇ ಸತ್ರು. ಸೇರಿಸಿ ಅಂತ ಅವರಿಗೆ ಹೇಳಿದ್ದು ಯಾರು? ಪುಸ್ತಕ ಅವರು ನೋಡೇ ಇಲ್ಲ. ಗಂಟೆಯ ವಿಷಯ ಆ ಬೆಳಿಗ್ಗೆ ಕೇಳಿ ತಿಳ್ಕೊಂಡೋರು ಒಬ್ಬರೇ. ಸೇರಿಸೋದು ಬೇಡ ಅಂತ ಇವಳ ಬಾಯಿಂದಲೇ ಕೇಳಿಸ್ಕೊಂಡೋರು. ಆಮೇಲೆ ಕಾನ್‌ಸ್ಟೇಬಲ್ಲಿಗೆ 'ಸೇರಿಸೋದು ಮರೆತ್ರು' ಅಂದೋರು. ಮೊಣಕಾಲು ನೋವಿದ್ರೂ ಸಪಾಟು ದಾರಿ ಬಿಟ್ಟು ಗುಡ್ಡ ಹತ್ತಿದೋರು." ಸೆನಾರಾಳ ದನಿ ತಗ್ಗಿತು. "ನೀವು, ಮಿಸೆಸ್ ಥ್ವೇಟ್."

ಬೆರಿಲ್ ಗೋಡೆ ಗಡಿಯಾರದ ಕಡೆ ನೋಡಿದಳು. ಅವನು ಸರಿಮಾಡಿದ್ದ ಗಡಿಯಾರ.

"ಮೂವತ್ತೊಂದು ವರ್ಷ," ಎಂದಳು ಬೆರಿಲ್. "ನಾನು ಏನು ಹೇಳಿದ್ರೂ 'ತಪ್ಪು, ಬೆರಿಲ್'. ದಾರಿ ಹೇಳಿದ್ರೆ ತಪ್ಪು. ನನ್ನ ತಂಗಿ ಸತ್ತ ತಾರೀಕು ಹೇಳಿದ್ರೂ ತಪ್ಪು. ಅವತ್ತು ಸ್ಲೇಟಿನ ಮುಂದೆ ನಿಂತು, 'ಇದಕ್ಕೆ ಒಂದು ಗಂಟೆ ಸೇರಿಸಬೇಕಂತೆ, ನಾರ್ಮನ್' ಅಂದೆ. ಕೇಳಲ್ಲ ಅಂದ್ಕೊಂಡೆ. ಅಡುಗೆಮನೆಗೆ ಹೋಗಿ ವಿಚಾರಿಸ್ಕೊಂಡು ಬಂದು, 'ತಪ್ಪು, ಬೆರಿಲ್' ಅಂತಾರೆ ಅಂದ್ಕೊಂಡೆ. ನಿಜವಾಗ್ಲೂ." ಅವಳು ನನ್ನ ಕಡೆ ತಿರುಗಿದಳು. "ಅವರು 'ಥ್ಯಾಂಕ್ಸ್ ಬೆರಿಲ್, ಒಳ್ಳೇದಾಯ್ತು ನೀನು ಕೇಳಿದ್ದು' ಅಂದ್ರು."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಎರಡು ದಿನ ಅವಳ ಪಾಪವನ್ನು ನಾನು ಹೊತ್ತಿದ್ದೆ. ಸಿಟ್ಟು ಬಂದದ್ದು ಆಮೇಲೆ, ಅವಳ ಮುಂದಿನ ಮಾತಿಗೆ.

"ಆಗಲಾದ್ರೂ ನಿಜ ಹೇಳಬಹುದಿತ್ತಲ್ಲ?" ಎಂದಳು ಸೆನಾರಾ.

"ಹೇಳಬಹುದಿತ್ತು. ಗುಡ್ಡದ ಮೇಲಿನ ತಿರುವಿನಿಂದ ಅವರು ಕಾಣ್ತಿದ್ರು. ಮೆಟ್ಟಿಲ ಮೇಲೆ ಕೂತು ನಾನು ಹೇಳಿದ ಹೊತ್ತಿಗೆ ಕಾಯ್ತಿದ್ರು. ಕೂಗಿದ್ರೆ ಕೇಳಿಸ್ತಿತ್ತು. ಕೈ ಬೀಸಿದ್ರು." ಬೆರಿಲ್ ತನ್ನ ಬಲಗೈಯನ್ನು ನೋಡಿಕೊಂಡಳು. "ನಾನೂ ಬೀಸಿದೆ. ಬೀಸಿ ಮುಂದಕ್ಕೆ ಹೋದೆ."

ಸೆನಾರಾ ಅವಳನ್ನು ಕಾರಿನವರೆಗೆ ಕೈ ಹಿಡಿದು ನಡೆಸಿಕೊಂಡು ಹೋದಳು. ಮೊಣಕಾಲು ಅಷ್ಟು ನೋಯುತ್ತಿತ್ತು. ನಾನು ಒಳಗೆ ಬಂದು ಪುಸ್ತಕ ತೆಗೆದು, ಗಂಟೆ ಸೇರಿಸಿ, ಮೂರು ಸಲ ಎಣಿಸಿ, ನಾಳೆಯ ಹೊತ್ತನ್ನು ಸ್ಲೇಟಿನಲ್ಲಿ ಬರೆದೆ. ಅದರ ಕೆಳಗೆ ಮೊದಲ ಸಲ ಇನ್ನೊಂದು ಸಾಲು ಬರೆದೆ: 'ಯಾರು ಏನೇ ಹೇಳಲಿ, ಅಡುಗೆಮನೆಗೆ ಬಂದು ನನ್ನನ್ನೇ ಕೇಳಿ.'