ಕೊನೆಯ ಕಂತಿಗೆ ಮೊದಲು

"ಅಮ್ಮಾ, ಕತೆಯೊಳಗಿನ ಕೊಲೆಗಾರನ್ನ ಕಂಡುಹಿಡಿಯೋಕಾಗುತ್ತಾ?"

ಔಷಧದಂಗಡಿಯ ಹೊಸ್ತಿಲಲ್ಲಿ ನಿಂತು ಸೆವಸ್ತಿ ಪೊಲಿಕ್ಸೆನಿಯವರನ್ನು ಕೇಳಿದ ಈ ಪ್ರಶ್ನೆಗೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಅವಳ ಕೈಯಲ್ಲಿದ್ದ ಬಟ್ಟಲನ್ನು ಕಂಡು ನಗಲಿಲ್ಲ. ಸತ್ತವರ ನೆನಪಿಗೆಂದು ಬೇಯಿಸುವ ಗೋಧಿ, ಮೇಲೆ ದಾಳಿಂಬೆಯ ಕಾಳು. ಅದನ್ನು ನೀಡಿದರೆ ನಮ್ಮ ದ್ವೀಪದಲ್ಲಿ ಹಗೆಯೂ ಒಂದು ಚಮಚ ಬಾಯಿಗಿಟ್ಟು, 'ದೇವರು ಅವನನ್ನು ಕ್ಷಮಿಸಲಿ' ಎನ್ನುತ್ತಾನೆ. ಸೆವಸ್ತಿಯ ಬಟ್ಟಲಿನಲ್ಲಿ ಒಂದು ಕಾಳೂ ಕದಲಿರಲಿಲ್ಲ.

"ಯಾರೂ ಮುಟ್ಟಲಿಲ್ಲ," ಎಂದಳು. "ನನ್ನ ಗಂಡ ಮಿಕೆಸ್ ಸತ್ತ ದಿನ ನನ್ನ ಮನೇಲಿ ಕೂತು ಸಕ್ಕರೆ ಇಲ್ಲದ ಕಹಿ ಕಾಫಿ ಕುಡಿದು ಅತ್ತವರೇ, ಇವತ್ತು ಚರ್ಚಿನ ಬಾಗಿಲಲ್ಲಿ ನನ್ನ ಬಟ್ಟಲು ನೋಡಿ ಮುಖ ತಿರುಗಿಸಿದ್ರು. ನನ್ನ ಮಗಳಿಗೆ ನೋಡಿರೋ ಹುಡುಗನ ತಾಯಿ ಕಲ್ಲಿಯೊಪಿ ಏನಂದ್ಲು ಗೊತ್ತಾ? 'ಮದುವೆ ಮಾತು ಕೊನೇ ಕಂತು ಬಂದ್ಮೇಲೆ ಆಡೋಣ' ಅಂತ. ನನ್ನ ಮಗಳ ಬಾಳು ಈಗ ಪೇಪರಿನವನ ಕೈಲಿದೆ."

ಪೊಲಿಕ್ಸೆನಿಯವರು ಕನ್ನಡಕ ತೆಗೆದು ಸೆರಗಿನಂಥ ತಮ್ಮ ಕಪ್ಪು ಶಾಲಿನ ತುದಿಯಲ್ಲಿ ಒರೆಸಿದರು. ಔಷಧದಂಗಡಿಯನ್ನು ಅಳಿಯನಿಗೆ ವಹಿಸಿದ್ದರೂ ಅವರು ಕೂರುತ್ತಿದ್ದುದು ಅಲ್ಲೇ. ದ್ವೀಪದಲ್ಲಿ ಪೊಲೀಸು ಠಾಣೆಯಿತ್ತು. ಆದರೂ ಬಿಡಿಸಲಾಗದ ಗಂಟು ಎದುರಾದಾಗ ಜನ ತಟ್ಟುತ್ತಿದ್ದುದು ಈ ಬಾಗಿಲನ್ನೇ. ನಾನು ನಿವೃತ್ತ ಶಾಲಾಮಾಸ್ತರ, ಅವರ ನೆರೆಯವನು. ಅವರು ಯೋಚಿಸುವಾಗ ಎದುರಿಗೆ ಕುಳಿತಿರುವುದೇ ನನ್ನ ಉದ್ಯೋಗವಾಗಿತ್ತು.

ಸೆವಸ್ತಿಯ ಸಂಕಟಕ್ಕೆ ಕಾರಣವಾದ ಧಾರಾವಾಹಿಯನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮೂರಿನ ವಾರಪತ್ರಿಕೆ 'ಫಾರೋಸ್' ಅದನ್ನು ಚಳಿಗಾಲದಿಂದ ಅಚ್ಚು ಹಾಕುತ್ತಿತ್ತು. ಲೇಖಕನ ಹೆಸರಿನ ಜಾಗದಲ್ಲಿ ಬರಿಯ 'ದ್ವೀಪವಾಸಿ'. ಶನಿವಾರ ಬಂತೆಂದರೆ ಪಾಂಟೆಲಿಸನ ಕಾಫಿ ಅಂಗಡಿಯಲ್ಲಿ ನಾನೇ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಡಲಡಿಯಿಂದ ಸ್ಪಂಜು ತೆಗೆಯುವ ಮುಳುಗುಗಾರರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕತೆಯಲ್ಲಿ ಒಬ್ಬ ಮುಳುಗುಗಾರ. ಅವನ ಮುಳುಗು ಉಡುಪಿನ ಹರಿದ ಕೊರಳುಪಟ್ಟಿಯನ್ನು ಹೆಂಡತಿ ಹೊಲಿದುಕೊಡುತ್ತಾಳೆ. ಮರುದಿನ ಅವನು ನೀರಿನಡಿಯಲ್ಲಿ ಸಾಯುತ್ತಾನೆ. ಅದು ಕೊಲೆಯೆಂದು ನ್ಯಾಯಾಧೀಶನಿಗೆ ಗುಮಾನಿ. ಸಂಶಯಕ್ಕೆ ಮೂವರು: ಹೆಂಡತಿ, ದೋಣಿಯ ಯಜಮಾನ, ಮುಳುಗಿದವನಿಗೆ ಕೊಳವೆಯಲ್ಲಿ ಉಸಿರಾಟದ ಗಾಳಿ ಕಳಿಸುವ ಯಂತ್ರವನ್ನು ಬಾಡಿಗೆಗೆ ಕೊಟ್ಟ ಧಾರಾಳಿ ವರ್ತಕ. ಇನ್ನು ಕೊನೆಯ ಕಂತೊಂದೇ ಬಾಕಿ.

ಸೆವಸ್ತಿಯ ಗಂಡ ಸತ್ತದ್ದೂ ಹಾಗೆಯೇ. ಉಡುಪನ್ನು ಹೊಲಿದುಕೊಟ್ಟವಳು ಅವಳೇ. ಅಂದು ಎಲ್ಲರೂ 'ಸಮುದ್ರ ತೆಗೆದುಕೊಂಡಿತು' ಎಂದಿದ್ದರು. ಈಗ ಕತೆ ಕೇಳಿದ ಊರು ಬೇರೆ ಮಾತಾಡುತ್ತಿತ್ತು.

"ಅವತ್ತು ಮಿಕೆಸ್ ಉಡುಪಿನೊಳಗೆ ಹಾಕಿದ್ದ ಉಣ್ಣೆ ಒಳಅಂಗಿ ನಿನ್ನ ಹತ್ರ ಇದ್ಯಾ?" ಎಂದು ಪೊಲಿಕ್ಸೆನಿಯವರು ಇದ್ದಕ್ಕಿದ್ದಂತೆ ಕೇಳಿದರು.

"ಪೆಟ್ಟಿಗೇಲಿದೆ. ಒಗೆದಿಲ್ಲ. ಯಾವ ಹೆಂಗಸು ಒಗೀತಾಳಮ್ಮಾ? ಕೊಟ್ಟ ದಿನ ಹೇಗಿತ್ತೋ ಹಾಗೇ ಮಡಿಸಿಟ್ಟಿದೀನಿ. ಬೆಚ್ಚಗೆ, ಒಂಚೂರೂ ಒದ್ದೆಯಿಲ್ಲದೆ, ಅವನ ಹೊಗೆಸೊಪ್ಪಿನ ವಾಸನೆ..."

"ಮಾಸ್ತರೇ," ಎಂದರು ಪೊಲಿಕ್ಸೆನಿಯವರು, "ಹಳೇ ಸಂಚಿಕೆಗಳನ್ನೆಲ್ಲ ತನ್ನಿ. ಕತೇಲಿ ಹೆಂಡತಿ ಆಡೋ ಮಾತನ್ನ ನೀವು ಯಾವ ದನಿಯಲ್ಲಿ ಓದ್ತೀರಿ ಅನ್ನೋದೂ ನನಗೆ ಗೊತ್ತು. ರಸ್ತೆವರೆಗೂ ಕೇಳಿಸುತ್ತೆ. ಹಾವು ಮಾತಾಡಿದ ಹಾಗೆ ಓದ್ತೀರಿ."

ಕಿವಿ ಕೆಂಪಾದುದನ್ನು ಮರೆಮಾಡಲು ನಾನು ಕೂಡಲೇ ಎದ್ದೆ.

ಅಂದು ಸಂಜೆಯೇ ನಾವು ಫಾರೋಸ್ ಕಚೇರಿಗೆ ಹೋದೆವು. ಸಂಪಾದಕ ಯಾಕುಮಿಸ್ ಮಸಿಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಬಂದ. ಹಿಂದೆ ಮುಳುಗುಗಾರರ ಸಾಮಾನಿನ ವ್ಯಾಪಾರ ಮಾಡುತ್ತಿದ್ದು, ಅದನ್ನು ಮಾರಿ ಅಚ್ಚಿನ ಯಂತ್ರ ಕೊಂಡವನು. ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಸಕ್ಕರೆಪಾಕದಲ್ಲಿ ಅದ್ದಿದ ಚೆರ್ರಿಹಣ್ಣನ್ನು ನಮ್ಮ ಮುಂದಿಟ್ಟು, ತಾನೂ ಒಂದು ಚಮಚ ತುಂಬ ತೆಗೆದುಕೊಂಡು ಚಮಚ ನೆಕ್ಕಿದ.

"ಲೇಖಕರು ಯಾರು ಅಂತ ಕೇಳಬೇಡಿ, ಅಮ್ಮಾ. ಮಾತು ಕೊಟ್ಟಿದೀನಿ."

"ಕೇಳೋದಿಲ್ಲ. ಕೊನೇ ಕಂತು ಬಂತಾ?"

"ಇಲ್ಲ. ಬರೋದು ಅನುಮಾನ. ಬರೆಯೋಕೆ ಆಗ್ತಿಲ್ವಂತೆ." ನನ್ನತ್ತ ತಿರುಗಿದ. "ಜನ ಈಗಲೂ ಹೆಂಡತೀನೇ ಅಂತಾರಾ, ಮಾಸ್ತರೇ?"

"ಒಬ್ಬರೂ ಬಿಡದೆ."

ಅವನು ಕಿಟಕಿಯಾಚೆ ಬಂದರನ್ನು ನೋಡಿದ. ಅಷ್ಟರಲ್ಲಿ ಕಾಫಿ ಬಂತು. ನಮ್ಮಿಬ್ಬರದು ಸಿಹಿ, ಅವನದು ಕಹಿ. "ಡಾಕ್ಟರು ಸಕ್ಕರೆ ಬಿಡಿಸಿ ತುಂಬ ದಿನ ಆಯ್ತು," ಎಂದು ನಕ್ಕು ಬಟ್ಟಲನ್ನು ತುಟಿಗಿಟ್ಟ.

ದಾರಿಯಲ್ಲಿ ನಾನು ಬೇಸರದಿಂದ ಹೇಳಿದೆ: "ಕಂತು ಬರದಿದ್ದರೆ ಅಪರಾಧಿ ಯಾರೆಂದು ತಿಳಿಯುವ ಬಗೆಯಾದರೂ ಹೇಗೆ?"

"ಕಂತು ಬೇಕಾಗಿಲ್ಲ," ಎಂದರು ಅವರು. "ಒಳ್ಳೇ ಪತ್ತೇದಾರಿ ಕತೆ ಕೊನೇ ಪುಟದಲ್ಲಿ ಏನನ್ನೂ ಹೊಸದಾಗಿ ಹೇಳೋದಿಲ್ಲ, ಮಾಸ್ತರೇ. ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿರುತ್ತೆ. ಆದರೆ ನಾವು ಬೇರೆ ಯಾವುದಕ್ಕೋ ನಗ್ತಾ ಇರ್ತೀವಿ, ಇಲ್ಲಾ ಅಳ್ತಾ ಇರ್ತೀವಿ, ಅಂಥಾ ಹೊತ್ತಲ್ಲಿ ಹೇಳಿರುತ್ತೆ. ಊರು ಎಲ್ಲಿ ನಕ್ಕಿತು, ಎಲ್ಲಿ ಅತ್ತಿತು? ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಂಡೆ. ಸತ್ತವನ ಉಣ್ಣೆಯಂಗಿ ಹೆಂಡತಿಯ ಕೈಸೇರುವ ಕಂತಿನಲ್ಲಿ ಎಲ್ಲರೂ ಅತ್ತಿದ್ದರು. ನಕ್ಕದ್ದು ಅದಕ್ಕೂ ಮುಂಚೆ: ದೋಣಿ ಇನ್ನೂ ಕಡಲಿನಲ್ಲಿರುವಾಗ ದಿನವೂ ಜೇನಿನಂಥ ಸಿಹಿ ಕಾಫಿ ಕುಡಿಯುವ ವರ್ತಕ ಆ ಬೆಳಿಗ್ಗೆ ಸಕ್ಕರೆ ಬೇಡವೆನ್ನುತ್ತಾನೆ, 'ಯಾಕ್ರೀ, ಸಕ್ಕರೆ ತುಟ್ಟಿಯಾಯ್ತಾ?' ಎಂದು ಅಂಗಡಿಯವನು ಕಿಚಾಯಿಸುತ್ತಾನೆ. ಊರೆಲ್ಲ ನಕ್ಕಾಗ ಪಾಂಟೆಲಿಸ್ ಒಬ್ಬ ಮಾತ್ರ ತಟ್ಟೆ ಹಿಡಿದು ನಿಂತಲ್ಲೇ ನಿಂತು, 'ಅದು ನನ್ನ ಮಾತು' ಎಂದು ಗೊಣಗಿದ್ದ. ತನ್ನ ವಿನೋದ ಕಳುವಾಯಿತೆಂದು ಅವನಿಗೆ ಸಿಟ್ಟೆಂದು ನಾನು ಬಗೆದಿದ್ದೆ. ಇದನ್ನೆಲ್ಲ ಹೇಳಿದಾಗ ಪೊಲಿಕ್ಸೆನಿಯವರು ನಡಿಗೆ ನಿಲ್ಲಿಸಿದರು.

"ನಾಳೆ ಮಧ್ಯಾಹ್ನ ಎಲ್ಲರನ್ನೂ ಪಾಂಟೆಲಿಸನ ಅಂಗಡಿಗೆ ಕರೀರಿ. ಹೆಂಗಸರನ್ನೂ."

ಹೆಂಗಸರು ಕಾಲಿಡದ ಜಾಗವದು. ಮರುದಿನ ಪೊಲಿಕ್ಸೆನಿಯವರು ಸೆವಸ್ತಿಯ ಕೈಹಿಡಿದು ಒಳಗೆ ಬಂದಾಗ ಪಗಡೆಯ ದಾಳಗಳು ತಾವಾಗಿಯೇ ಸುಮ್ಮನಾದವು. ಹುಡುಗನ ತಾಯಿ ಕಲ್ಲಿಯೊಪಿ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ, ಎದ್ದುಹೋಗಲು ಅನುಕೂಲವಾಗುವಂತೆ, ಕುಳಿತಳು. ಯಾಕುಮಿಸ್ ಮೂಲೆಯಲ್ಲಿದ್ದ.

"ಏನಮ್ಮಾ, ಇದು ಕೋರ್ಟಾ?" ಎಂದ ಒಬ್ಬ ಮುದಿ ಮುಳುಗುಗಾರ.

"ಕೋರ್ಟು ನೀವು ಈಗಾಗಲೇ ನಡೆಸಿದೀರಲ್ಲ. ತೀರ್ಪೂ ಆಗಿದೆ. ನಾನು ಮೇಲ್ಮನವಿ ತಂದಿದೀನಿ, ಅಷ್ಟೇ. ನೀನೇ ಹೇಳು, ಉಡುಪಿನ ಕೊರಳ ಹೊಲಿಗೆ ಬಿಟ್ಟರೆ ಏನಾಗುತ್ತೆ?"

"ನೀರು ನುಗ್ಗುತ್ತೆ. ಹಸುಗೂಸಿಗೂ ಗೊತ್ತು."

"ಕತೇಲಿ ಹೆಂಡತಿ ಆ ಉಣ್ಣೆಯಂಗೀನ ಮುಖಕ್ಕೆ ಒತ್ತಿಕೊಂಡು, ಅದರ ಬಿಸುಪು, ಹೊಗೆಸೊಪ್ಪಿನ ವಾಸನೆ ನೋಡ್ತಾಳೆ. ನೀರು ನುಗ್ಗಿದ್ದರೆ ಆ ವಾಸನೆ ಉಳೀತಿತ್ತಾ?"

ಸುತ್ತಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹುಟ್ಟಿದಂದಿನಿಂದ ಕಡಲಿನ ಹೊಟ್ಟೆಯಲ್ಲಿ ಬಾಳಿದ ಜನ ಅವರು. ಇಷ್ಟು ಸರಳವಾದ ಸಂಗತಿ ಅವರ ಕಣ್ಣು ತಪ್ಪಿಸಿದ್ದು ಕಣ್ಣೀರಿನ ಮರೆಯಲ್ಲಿ. ಒಗೆಯದ ಅಂಗಿಯೆಂದರೆ ನಮ್ಮ ಪ್ರತಿಯೊಂದು ಮನೆಯ ಪೆಟ್ಟಿಗೆಯಲ್ಲೂ ಒಂದಿದೆ.

"ಅಂದರೆ ಹೊಲಿಗೆ ಗಟ್ಟಿಯಾಗಿತ್ತು," ಎಂದು ಪೊಲಿಕ್ಸೆನಿಯವರು ಮುಂದುವರಿಸಿದರು. "ಅವನು ನೀರಿನಿಂದ ಸಾಯಲಿಲ್ಲ, ಗಾಳಿ ಇಲ್ಲದೆ ಸತ್ತ. ಹೆಂಡತಿ ಕೈ ಗಾಳಿಯ ಕೊಳವೇನ ಮುಟ್ಟಿಲ್ಲ. ಉಳಿದವರು ಇಬ್ಬರು: ದೋಣಿ ಯಜಮಾನ, ವರ್ತಕ. ಈಗ ನೀವು ನಕ್ಕ ಜಾಗಕ್ಕೆ ಬರೋಣ. ಕಲ್ಲಿಯೊಪಿ, ಸಿಹಿ ಕಾಫಿ ಕುಡಿಯೋನು ಯಾವತ್ತು ಕಹಿ ಕುಡೀತಾನೆ?"

"ಸಾವಿನ ಮನೇಲಿ," ಎಂದಳು ಕಲ್ಲಿಯೊಪಿ. ತಾನಾಡಿದ ಮಾತು ಕಿವಿಗೆ ಬಿದ್ದೊಡನೆ ಅವಳ ಕೈ ಬಾಯಿಗೆ ಹೋಯಿತು.

"ದೋಣಿ ಇನ್ನೂ ಕಡಲಲ್ಲಿದೆ. ಸಾವಿನ ಗುರುತಿಗೆ ಬಾವುಟ ಅರ್ಧಕ್ಕಿಳಿಸಿಕೊಂಡು ಬಂದಿಲ್ಲ. ಯಾರ ಮನೇಲೂ ಅಳು ಕೇಳಿಲ್ಲ. ವರ್ತಕ ಮಾತ್ರ ಸಾವಿನ ಕಾಫಿ ಕೇಳ್ತಾನೆ. ಅವನಿಗೆ ಗೊತ್ತಿತ್ತು. ಕತೆಯ ಅಪರಾಧಿ ಅವನೇ. ದ್ವೀಪವಾಸಿ ನಮಗೆ ಮೋಸ ಮಾಡಿಲ್ಲ. ಎಲ್ಲಾ ಎದುರಿಗೇ ಇಟ್ಟಿದ್ದ."

ಯಾರೋ ದೀರ್ಘವಾಗಿ ಉಸಿರುಬಿಟ್ಟರು. ಸೆವಸ್ತಿ ಕಣ್ಣು ಮುಚ್ಚಿಕೊಂಡಳು. ಕಲ್ಲಿಯೊಪಿ ಮೆಲ್ಲನೆ, "ಅದು ಕತೆ ಆಯ್ತು. ನಿಜದಲ್ಲಿ?" ಎಂದಳು.

"ನಿಜಕ್ಕೇ ಬಂದೆ. ಪಾಂಟೆಲಿಸ್, ಸಕ್ಕರೆ ತುಟ್ಟಿಯ ಮಾತು ನಿನ್ನದು ಅಂದಿದ್ದೆಯಂತೆ. ದಿನಾ ಅಂತೀಯಾ?"

"ಇಲ್ಲಮ್ಮಾ," ಎಂದ ಪಾಂಟೆಲಿಸ್. ಅವನ ಕೈಯ ಅರಿವೆ ಮೇಜಿನ ಒಂದೇ ಜಾಗವನ್ನು ಉಜ್ಜುತ್ತಿತ್ತು. "ಜೀವಮಾನದಲ್ಲಿ ಒಂದೇ ಸಲ. ಮಿಕೆಸ್ ಸತ್ತ ಬೆಳಿಗ್ಗೆ, ಅಂಗಡೀಲಿ ನಾನೂ ಒಬ್ಬ ಗಿರಾಕೀನೂ ಮಾತ್ರ ಇದ್ದಾಗ. ಅಂದು ಬಾಯಿ ಮುಚ್ಚೋದ್ರೊಳಗೆ ದೋಣಿ ಬಂತು, ಬಾವುಟ ಅರ್ಧಕ್ಕಿತ್ತು. ಹೆಣ ಬರೋ ಹೊತ್ತಲ್ಲಿ ನಾನು ತಮಾಷೆ ಮಾಡ್ತಿದ್ದೆನಲ್ಲ ಅಂತ ನಾಚಿಕೆಯಾಗಿ, ಮತ್ತೆ ಆ ಮಾತು ಎತ್ತಿಲ್ಲ."

"ಯಾರಿಗೆ ಅಂದಿದ್ದೆ?"

ಪಾಂಟೆಲಿಸನ ಕಣ್ಣು ಮೂಲೆಗೆ ಹೋಯಿತು. ಅದರ ಹಿಂದೆಯೇ ಅಲ್ಲಿದ್ದ ಎಲ್ಲರ ಕಣ್ಣುಗಳೂ.

"ಆ ಮಾತು ಕೇಳಿಸಿಕೊಂಡೋರು ಇಬ್ಬರೇ," ಎಂದರು ಪೊಲಿಕ್ಸೆನಿಯವರು. "ಅಂದೋನು ಇವನು, ಆದರೆ ಕತೆ ಬರೆದೋನು ಇವನಲ್ಲ. ಯಾಕುಮಿಸ್, ಊರಿನ ಔಷಧವೆಲ್ಲ ನನ್ನ ಅಂಗಡಿಯಿಂದಲೇ ಹೋಗೋದು. ನಿನಗೆ ಸಕ್ಕರೆ ಕಾಯಿಲೆ ಇಲ್ಲ. ನಿನ್ನೆ ಚೆರ್ರಿಪಾಕವನ್ನ ಚಮಚ ನೆಕ್ಕಿ ತಿಂದೆ. ನೀನು ಸಿಹಿ ಬಿಟ್ಟಿರೋದು ಕಾಫಿಯಲ್ಲಿ ಮಾತ್ರ. ಅವತ್ತಿನಿಂದ ನೀನು ಸಾವಿನ ಮನೆಯಿಂದ ಎದ್ದೇ ಇಲ್ಲ."

ಯಾಕುಮಿಸ್ ಎದ್ದುನಿಂತ. ಓಡಿಹೋಗುವನೇನೋ ಎಂದುಕೊಂಡೆ. ಅವನು ಟೋಪಿ ತೆಗೆದು ಸೆವಸ್ತಿಯ ಕಡೆ ತಿರುಗಿದ.

"ಕೊಲ್ಲಬೇಕು ಅಂತ ಮಾಡಲಿಲ್ಲ," ಎಂದ. "ನಾನು ಬಾಡಿಗೆಗೆ ಕೊಟ್ಟ ಕೊಳವೆ ಹೊರಗೆ ಚೆನ್ನಾಗೇ ಕಾಣ್ತಿತ್ತು. ಒಳಗಿನ ರಬ್ಬರು ಸೀಳಿತ್ತು. ನನಗೆ ಗೊತ್ತಿತ್ತು. ಇನ್ನೊಂದು ಸಲ ತಡ್ಕೊಳ್ಳುತ್ತೆ ಅಂದ್ಕೊಂಡೆ. ದೋಣಿ ಹೊರಟಾಗ ಕೂಗಬಹುದಿತ್ತು, ಕೂಗಲಿಲ್ಲ. ಇಲ್ಲಿ ಬಂದು ಕೂತೆ. ಪಾಂಟೆಲಿಸ್ ಏನು ಬೇಕು ಅಂದ. ಬಾಯಿ ನನಗಿಂತ ಮೊದಲೇ ಹೇಳಿಬಿಡ್ತು, ಕಹಿ ಅಂತ. ಅದನ್ನ ಕೇಳಿದ ಮೇಲೇ ನನಗೂ ಗೊತ್ತಾಗಿದ್ದು, ಮಿಕೆಸ್ ವಾಪಸ್ ಬರಲ್ಲ ಅಂತ. ಆಮೇಲೆ ಕೊಳವೇನ ಸಮುದ್ರಕ್ಕೆ ಎಸೆದೆ."

"ಮತ್ತೆ ಕತೆ ಯಾಕೆ ಬರೆದೆ?" ಎಂದಳು ಸೆವಸ್ತಿ.

"ಹೇಳೋಕೆ ಧೈರ್ಯ ಸಾಲಲಿಲ್ಲ. ಬರೆದರೆ ಯಾರಾದ್ರೂ ಹಿಡೀತಾರೆ ಅಂದ್ಕೊಂಡೆ. ಪ್ರತಿ ಶನಿವಾರ ಇಲ್ಲೇ ಕೂತು ಕಾಯ್ತಿದ್ದೆ. ಇವರೆಲ್ಲ ನಿನ್ನನ್ನ ಹಿಡಿದ್ರು. ನನಗೆ..." ಅವನು ಟೋಪಿಯನ್ನು ಹಿಂಡಿದ. "ನನಗೆ ಹಗುರಾಯ್ತು, ಸೆವಸ್ತಿ. ಅದಕ್ಕೇ ಕೊನೇದು ಬರೆಯೋಕಾಗಲಿಲ್ಲ."

ಬೈಗುಳವನ್ನೋ ಶಾಪವನ್ನೋ ನಿರೀಕ್ಷಿಸಿ ಊರು ತಲೆತಗ್ಗಿಸಿತ್ತು.

"ಬರಿ," ಎಂದಳು ಸೆವಸ್ತಿ. "ನಾಳೆ ಶನಿವಾರ. ದ್ವೀಪವಾಸಿ ಬೇಡ, ನಿನ್ನ ಹೆಸರು ಹಾಕು. ಮಿಕೆಸ್ ಹೆಸರೂ ಹಾಕು. ಬರೆದಾದ ಮೇಲೆ ಠಾಣೆಗೆ ನಡಿ. ನನಗೆ ನಿನ್ನನ್ನ ಕ್ಷಮಿಸೋಕೆ ಬರುತ್ತೋ ಇಲ್ವೋ, ಈಗ ಕೇಳಬೇಡ."

ಹೊರಗೆ ಬೀದಿಯಲ್ಲಿ ಕಲ್ಲಿಯೊಪಿ ಅವಳ ಹಿಂದೆಯೇ ಓಡಿಬಂದಳು. "ಸೆವಸ್ತಿ, ಆ ಗೋಧಿ... ಒಂದು ಚಮಚ ಕೊಡ್ತೀಯಾ?"

"ಹಕ್ಕಿಗೆ ಹಾಕ್ದೆ," ಎಂದಳು ಸೆವಸ್ತಿ ತಿರುಗದೆ. ಹತ್ತು ಹೆಜ್ಜೆ ಹೋಗಿ ನಿಂತಳು. "ನಾಳೆ ಮತ್ತೆ ಬೇಯಿಸ್ತೀನಿ. ಕಲ್ಲು ಆರಿಸೋದಿದೆ. ಬೆಳಿಗ್ಗೆ ಬೇಗ ಬಾ. ಮದುವೆ ಮಾತು ಆಮೇಲೆ."

ಮನೆಗೆ ಮರಳುವಾಗ ನಾನು ಪೊಲಿಕ್ಸೆನಿಯವರನ್ನು ಹೊಗಳಲು ಬಾಯ್ತೆರೆದೆ. ಅವರು ಕೈಯೆತ್ತಿ ತಡೆದರು.

"ಬೇಡ, ಮಾಸ್ತರೇ. ಅವನು ಚಳಿಗಾಲವಿಡೀ ತಪ್ಪೊಪ್ಪಿಗೆ ಬರೀತಿದ್ದ. ನಾವು ಒಗಟು ಬಿಡಿಸ್ತಾ ಕೂತಿದ್ವಿ. ನಾನೂ ಕಿಟಕೀಲಿ ಕೂತು ಕೇಳ್ತಿದ್ದೆ, ಮೂರನೇ ಕಂತಿನಲ್ಲೇ ಕಾಫಿಯ ಗುಟ್ಟು ಹಿಡಿದು, 'ಜಾಣ ಲೇಖಕ' ಅಂತ ಮೆಚ್ಚಿಕೊಂಡೆ. ಆ ಹೆಂಗಸು ಬಟ್ಟಲು ಹಿಡ್ಕೊಂಡು ಬರೋವರೆಗೂ ಸುಮ್ಮನಿದ್ದೆ."

ಶನಿವಾರ ಪತ್ರಿಕೆ ಬಂತು. ಅಂಗಡಿ ಕಿಕ್ಕಿರಿದಿತ್ತು. ನಾನು ಓದಿದೆ. ಯಾರ ಮಾತಿಗೂ ಯಾವ ದನಿಯನ್ನೂ ತೊಡಿಸದೆ, ಹೆಸರುಗಳನ್ನು ಇದ್ದಂತೆಯೇ ಓದಿದೆ. ಮಿಕೆಸ್ ಎಂಬಲ್ಲಿ ನನ್ನ ದನಿ ನಿಂತಾಗ ಯಾರೂ ಮುಂದೆ ಓದಿರೆಂದು ಅವಸರಪಡಿಸಲಿಲ್ಲ.

ಓದಿ ಮುಗಿಸಿದ ಮೇಲೆ ಪಾಂಟೆಲಿಸ್ ದೊಡ್ಡ ತಟ್ಟೆಯಲ್ಲಿ ಎಲ್ಲರಿಗೂ ಕಾಫಿ ತಂದಿಟ್ಟ. ಯಾರಿಗೆ ಎಷ್ಟು ಸಿಹಿಯೆಂದು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಗುಟುಕು ಕುಡಿದೆ. ಸಕ್ಕರೆಯ ಹರಳೊಂದೂ ಇರಲಿಲ್ಲ. ಯಾರೂ ಬಟ್ಟಲನ್ನು ಹಿಂದಕ್ಕೆ ತಳ್ಳಲಿಲ್ಲ.