ವ್ಯಾನು ನಿಂತ ಬೆಳಿಗ್ಗೆ

"ಮೇಷ್ಟ್ರೇ, ನಮ್ಮಮ್ಮನ್ನ ಕೊಂದಿದ್ದು ನಾನೇನಾ? ಹೌದು ಅನ್ನೋದಾದ್ರೂ ಹೇಳಿಬಿಡಿ."

ಡೀಸೆಲ್ ಪಂಪು ರಿಪೇರಿಯ ಇಕ್ಕಟ್ಟಾದ ಅಂಗಡಿಯ ಬಾಗಿಲಲ್ಲಿ ಮೆಕ್ಯಾನಿಕ್ ಒಬ್ಬ ನಿಂತಿದ್ದ. ಮೂವತ್ತು ದಾಟಿದ ಗಂಡಸು, ಒಂಬತ್ತು ದಿನದ ಗಡ್ಡ. ಒಳಗೆ, ಇಂಜಿನ್ನಿಗೆ ಡೀಸೆಲ್ ಚಿಮುಕಿಸುವ ನಾಜಲ್ ಒರೆಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು; ಗಲ್ಲಿಗೆಲ್ಲ ಅವಳು ಅಕ್ಕನೇ. ಸತ್ತವಳು ಅವಳ ಜೀವದ ಗೆಳತಿ.

ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದ ನಾಜಲ್ ಮೇಷ್ಟ್ರಿಗೆ ಇಪ್ಪತ್ತೆರಡು ವರ್ಷದಿಂದ ಅಕ್ಕನೇ ಬಲಗೈ. ಕೆಟ್ಟ ಇಂಜಿನ್ನಿನ ಗುಟ್ಟು ಬಿಡಿಸಲು ಆ ಗಲ್ಲಿಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಮನುಷ್ಯರ ಮಾತಿನ ಮೇಲೆ ಮಾತ್ರ ಅವರಿಗೆ ನಂಬಿಕೆ ಅಷ್ಟಕ್ಕಷ್ಟೇ.

"ಕೂತ್ಕೊಂಡು ಹೇಳಪ್ಪ," ಎಂದರು.

ಅವನು ಹೇಳಿದ. ಕಾಯಿಲೆಯ ತಾಯಿಯನ್ನು ಡ್ರೈವರ್ ಆಗಿದ್ದ ಅಪ್ಪ ವಾರಕ್ಕೊಮ್ಮೆ ತನ್ನ ಹಳೇ ವ್ಯಾನಿನಲ್ಲಿ ದೂರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹಿಂದಿನ ಸಂಜೆಯಷ್ಟೇ ಮಗ ಪಂಪು ಬಿಚ್ಚಿ, ಸರಿಮಾಡಿ, ಕಟ್ಟಿ, ಒಂದು ಗಂಟೆ ಓಡಿಸಿ ನೋಡಿದ್ದ. ಒಂದು ಸಲವೂ ಕೆಮ್ಮಿರಲಿಲ್ಲ. ಬೆಳಿಗ್ಗೆ ಅರ್ಧ ದಾರಿಯಲ್ಲಿ, ಜನರಿಲ್ಲದ ರಸ್ತೆಯಲ್ಲಿ ವ್ಯಾನು ನಿಂತಿತು. ಅಪ್ಪ ಪೈಪುಗಳನ್ನು ಸಡಿಲಿಸಿ ಗಾಳಿ ತೆಗೆಯುತ್ತ ಒದ್ದಾಡಿದ. ಅಷ್ಟರಲ್ಲಿ ತಾಯಿಗೆ ಉಸಿರು ಸಿಕ್ಕಿಕೊಂಡಿತು. ನಲವತ್ತು ನಿಮಿಷದ ಮೇಲೆ ಕೀ ತಿರುಗಿಸಿದರೆ ಇಂಜಿನ್ನು ತಾನಾಗಿ ಹೊತ್ತಿಕೊಂಡಿತು. ಅವಳು ಆಗಲೇ ಹೋಗಿಬಿಟ್ಟಿದ್ದಳು.

"ನೀನು ಕಟ್ಟಿದ ಪಂಪೇ ಅವಳನ್ನ ತಿಂತು ಅಂತ ಅಪ್ಪ ಎಲ್ಲರೆದುರು ಹೊಡೆದ್ರು. ಮನೆಗೆ ಕಾಲಿಡಬೇಡ ಅಂದ್ರು. ಅವತ್ತಿನಿಂದ ನಾನು ಸ್ಪ್ಯಾನರ್ ಮುಟ್ಟಿಲ್ಲ, ಮೇಷ್ಟ್ರೇ."

ಅಪ್ಪನಿಂದ ವ್ಯಾನಿನ ಕೀ ತಂದದ್ದು ಅಕ್ಕ. ಅವನು ಅದನ್ನು ಕೈಗೆ ಕೊಡಲಿಲ್ಲ, ನೆಲಕ್ಕೆ ಬಿಸಾಡಿದ. ಮೇಷ್ಟ್ರು ಪಂಪನ್ನು ಪರೀಕ್ಷೆಯ ಬೆಂಚಿಗೆ ಏರಿಸಿದರು, ನಾಜಲ್‌ಗಳನ್ನು ಒಂದೊಂದಾಗಿ ಉಗುಳಿಸಿದರು. ನಾಲ್ಕೂ ಮಂಜಿನಂತೆ ಸಣ್ಣಗೆ ಚಿಮುಕಿಸಿದವು. ಪೈಪಿನಿಂದ ಇಳಿಸಿ ಬಾಟಲಿಯಲ್ಲಿಟ್ಟ ಡೀಸೆಲ್ ತಿಳಿಯಾಗಿತ್ತು, ತಳದಲ್ಲಿ ಹನಿ ನೀರಿರಲಿಲ್ಲ.

ಅಕ್ಕನಿಗೆ ಮಾತ್ರ ವ್ಯಾನಿಗೆ ಡೀಸೆಲ್ ಹಾಕಿದ್ದ ಬಂಕಿನವನ ಮೇಲೇ ಗುಮಾನಿ. ಅವನು ಕಿಡಿಕಿಡಿಯಾದ. "ನನ್ನ ಡೀಸೆಲ್ ಕುಡಿದು ತೋರಿಸ್ಲಾ? ಅವತ್ತು ಬೆಳಿಗ್ಗೆ ಟ್ಯಾಂಕು ತುಂಬಿಸಿದ್ದು ನಿಜ. ಆದ್ರೆ ಮುಚ್ಚಳ ಕೂಡ ಮುಟ್ಟಿಲ್ಲ. ಡ್ರೈವರಣ್ಣನೇ ತೆಗೆದ್ರು, ಅವರೇ ಹಾಕಿದ್ರು."

ಪಂಪು ಮತ್ತೆ ಕಟ್ಟಿ ಮೇಷ್ಟ್ರು ವ್ಯಾನು ಓಡಿಸಿದರು. ಗೆಳತಿ ಒರಗುತ್ತಿದ್ದ ಹಿಂದಿನ ಸೀಟಿನಲ್ಲಿ, ಟ್ಯಾಂಕಿನ ಬಾಯಿಯ ಪಕ್ಕದಲ್ಲೇ, ಅಕ್ಕ ಕೂತಳು.

"ಡೀಸೆಲ್ ವಾಸನೆ ಬರ್ತಿದೆಯಾ?"

"ಇಲ್ಲ. ಮೊದಲೆಲ್ಲ ಈ ಸೀಟಲ್ಲಿ ತಲೆ ಸುತ್ತುತ್ತಿತ್ತು."

ಇಪ್ಪತ್ತೈದು ನಿಮಿಷಕ್ಕೆ ಇಂಜಿನ್ನು ಎರಡು ಸಲ ಮುಗ್ಗರಿಸಿ ಸತ್ತಿತು. ಮೇಷ್ಟ್ರು ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಇಂಜಿನ್ನು ಹೊತ್ತಿಕೊಂಡಿತು. ಮುಚ್ಚಳದ ಒಳಮೈಯನ್ನು ಪಿನ್ನಿನಿಂದ ಕೆರೆದು, ಗುಲಾಬಿ ಬಣ್ಣದ ಚೂರನ್ನು ಅಕ್ಕನ ಅಂಗೈಗಿಟ್ಟರು. ಅವಳು ಮೂಸಿ ನೋಡಿದಳು. ಗುರುತಿನ ವಾಸನೆ. ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಹೇಳದಿದ್ರೆ ಮಗ ಉಳಿಯಲ್ಲ," ಎಂದರು ಮೇಷ್ಟ್ರು. "ಹೇಳಿದ್ರೆ ಅಪ್ಪ ಉಳಿಯಲ್ಲ. ಏನ್ಮಾಡೋಣ, ಅಕ್ಕ?"

"ಹೇಳಿ," ಎಂದಳು ಅವಳು, ಅಳುತ್ತಲೇ. "ಮಾಡದ ತಪ್ಪನ್ನ ಅವನು ಹೊರಬಾರದು."

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಮೂವರೂ ಸೇರಿದರು. ಬಂಕಿನವನು ಬಾಗಿಲ ಬಳಿ, ಮಗ ಬೆಂಚಿನ ಹತ್ತಿರ, ಅಪ್ಪ ಗೋಡೆಗೆ ಮುಖ ಮಾಡಿ.

"ಪಂಪು ಸರಿಯಿದೆ, ನಾಜಲ್ ಸರಿಯಿವೆ, ಡೀಸೆಲ್ ಶುದ್ಧ," ಮೇಷ್ಟ್ರು ಶುರುಮಾಡಿದರು. "ಸಂಜೆ ಒಂದು ಗಂಟೆ ಓಡಿದ ಗಾಡಿ ಬೆಳಿಗ್ಗೆ ನಿಂತಿತು ಅಂದ್ರೆ, ನಡುವೆ ಏನೋ ಬದಲಾಗಿದೆ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು. ಅದು ಮುಚ್ಚಿದ್ರೆ ಪಂಪು ಎಷ್ಟು ಎಳೆದ್ರೂ ಡೀಸೆಲ್ ಬರಲ್ಲ. ಟ್ಯಾಂಕು ತುಂಬಿದ್ರೆ ಒಳಗೆ ಗಾಳಿ ಕಮ್ಮಿ, ಬೇಗ ನಿಲ್ಲುತ್ತೆ. ಸುಮ್ಮನೆ ಬಿಟ್ರೆ ಸಂದಿಯಿಂದ ನಿಧಾನಕ್ಕೆ ಗಾಳಿ ಸೇರಿ ಮತ್ತೆ ಹೊತ್ತುತ್ತೆ. ತುಂಬಿದ ಟ್ಯಾಂಕಿನ ಮುಚ್ಚಳ ಯಾರೂ ತೆಗೆದು ನೋಡಲ್ಲ."

"ಯಾರು ಮುಚ್ಚಿದ್ದು?" ಬಂಕಿನವನು ಕೇಳಿದ.

"ಸೋಪು ಮೆತ್ತಿದ್ದಾರೆ. ಟ್ಯಾಂಕು ಸೋರಿದ್ರೆ ಸೋಪು ಒತ್ತೋದು ಹಳೇ ಡ್ರೈವರ್‌ಗಳ ವಿದ್ಯೆ. ಡೀಸೆಲ್ಲಿಗೆ ಅದು ಕರಗಲ್ಲ. ಮೆತ್ತಿದವರು ಮುಚ್ಚಳ ಬೇರೆಯವರ ಕೈಗೂ ಕೊಡಲಿಲ್ಲ, ಸೋಪು ಉದುರೀತು ಅಂತ." ಮೇಷ್ಟ್ರು ಅಕ್ಕನ ಕಡೆ ನೋಡಿದರು.

"ಅದು ಅವಳ ಸ್ನಾನದ ಸೋಪು, ಅಣ್ಣ," ಎಂದಳು ಅಕ್ಕ, ಅಪ್ಪನ ಕಡೆ ತಿರುಗಿ.

ಅಪ್ಪ ನಿಧಾನವಾಗಿ ತಿರುಗಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಔಷಧಿ ಶುರುವಾದ ಮೇಲೆ ಡೀಸೆಲ್ ವಾಸನೆಗೆ ದಾರಿಯುದ್ದಕ್ಕೂ ವಾಂತಿ ಮಾಡ್ಕೊಳ್ಳೋಳು," ಎಂದ. "ಆ ತೂತಿಂದಲೇ ವಾಸನೆ ಬರ್ತಿತ್ತು. ಆ ಸೋಪಿನ ವಾಸನೆ ಅವಳಿಗೆ ಇಷ್ಟ ಅಂತ ಅವತ್ತು ಹೊರಡೋಕೆ ಮುಂಚೆ ಅದನ್ನೇ ಮೆತ್ತಿದೆ. ನಾನೇ... ನಾನೇ ಕಣೋ." ಅವನು ನೆಲದ ಮೇಲೆ ಕೂತು, ತಲೆ ಚಚ್ಚಿಕೊಳ್ಳತೊಡಗಿದ. "ನಿನ್ನ ಮೇಲೆ ಕೈ ಮಾಡಿದೆನಲ್ಲೋ!"

ಅಕ್ಕನಿಗೆ ಹತ್ತಿರ ಹೋಗಲೂ ಧೈರ್ಯ ಬರಲಿಲ್ಲ. ಹೋದವನು ಮಗ. ಅಪ್ಪನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಎದುರಿಗೆ ಕೂತ.

"ಅಪ್ಪಾ, ಅವತ್ತು ಅಮ್ಮ ವಾಂತಿ ಮಾಡ್ಕೊಂಡ್ಲಾ?"

ಅಪ್ಪ ತಲೆ ಎತ್ತಿ ಅವನ ಮುಖ ನೋಡಿದ.

"ಇಲ್ಲ ಕಣೋ. ವ್ಯಾನು ನಿಲ್ಲೋವರೆಗೂ ಒಂದು ಸಲಾನೂ ಇಲ್ಲ. ಕಿಟಕಿಯಾಚೆ ನೋಡ್ತಾ ಕೂತಿದ್ಲು. ಇವತ್ತು ಆರಾಮಾಗಿದೆ ಅಂದ್ಲು."