ಮೂರು ಸಾಲಿನ ಚೀಟಿ

"ಈ ಚೀಟಿ ಬರೆದೋರು ಯಾರು?"

ಏಣಿಯ ಮೇಲೆ ನಿಂತು ಪುಸ್ತಕ ಜೋಡಿಸುತ್ತಿದ್ದವಳು ಕೆಳಗೆ ನೋಡಿದಳು. ನೀಲಿ ಕೆಲಸದ ಅಂಗಿ, ಮೊಣಕೈವರೆಗೆ ಗ್ರೀಸಿನ ಕಲೆ, ಬೆರಳ ತುದಿಯಲ್ಲಿ ಅವಳದೇ ಹಳದಿ ಚೀಟಿ.

"ನಾನೇ. ಮೊದಲು ಅದನ್ನ ಎಲ್ಲಿಂದ ಕಿತ್ರೋ ಅಲ್ಲೇ ಅಂಟಿಸಿ. ಆಮೇಲೆ ಮಾತಾಡೋಣ."

ಅವನು ಅಂಟಿಸಲಿಲ್ಲ. ಇಡೀ ಅಂಗಡಿಗೆ ಕೇಳುವಂತೆ ಓದಿದ. "ಮುನ್ನೂರ ತೊಂಬತ್ತು ಪುಟ. ನಾಯಕಿ ನಲವತ್ತೊಂದು ಸಲ ಅಳುತ್ತಾಳೆ, ಒಂದು ಸಲವೂ ಊಟ ಮಾಡುವುದಿಲ್ಲ. ಎರಡನೇ ಭಾಗದ ಹೊತ್ತಿಗೆ ಆಕೆ ಬದುಕಿರುವುದು ಅನುಮಾನ."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು.

"ಮೂವತ್ತೆಂಟು," ಎಂದ. "ನಿನ್ನೆ ಕೂತು ಎಣಿಸಿದೀನಿ. ಅವಳು ಅಳೋದು ಮೂವತ್ತೆಂಟೇ ಸಲ."

ಓಹೋ... ಲೇಖಕ ಮಹಾಶಯರು! ಅವಳು ನಿಧಾನವಾಗಿ ಏಣಿ ಇಳಿದಳು.

"ಕಣ್ಣಂಚು ಒದ್ದೆಯಾಗಿದ್ದನ್ನ ನೀವು ಬಿಟ್ಟಿದೀರಿ. ಅದು ಮೂರು ಕಡೆ ಬರುತ್ತೆ. ಸೇರಿಸ್ಕೊಳ್ಳಿ."

"ಮತ್ತೆ ಊಟ? ಅವಳು ರಾಜಕುಮಾರಿ, ಊಟ ಮಾಡದೆ ಇರ್ತಾಳಾ? ಅದನ್ನೆಲ್ಲ ಬರೀಬೇಕಾ?"

"ಅಳೋದನ್ನ ನಲವತ್ತೊಂದು ಸಲ ಬರೆದೋರಿಗೆ ಊಟಾನ ಒಂದು ಸಲ ಬರೆಯೋಕೆ ಏನು ಕಷ್ಟ?"

ಅವನು ಚೀಟಿಯನ್ನು ಒಯ್ದು ತನ್ನ ಪುಸ್ತಕದ ಕೆಳಗೆ ತಾನೇ ಅಂಟಿಸಿ, ನಾಲ್ಕೂ ಮೂಲೆ ಒತ್ತಿ, ಹೊರಟುಹೋದ.

'ಗಂಡಸಿನ ಕೋಪ ಇಷ್ಟು ಅಚ್ಚುಕಟ್ಟಾಗಿ ಇರಬಹುದಾ?' ಅವಳಿಗೆ ನಗು ಬಂತು. ಆ ನಗು ಸಂಜೆಯವರೆಗೂ ಹೋಗಲಿಲ್ಲ.

ಅವಳ ಚೀಟಿಗಳ ವಿಷಯ ಹೇಳಿಬಿಡಬೇಕು. ಅಂಗಡಿ ಅವಳ ಅತ್ತೆಯದು, ತಂದೆಯ ಅಕ್ಕ. ಐದು ಮಹಡಿಯ ಹಳೆಯ ಕಟ್ಟಡದ ಕೆಳಗಿನ ಎರಡು ಕೋಣೆ. ಹೊಸದಾಗಿ ಬಂದ ಪ್ರತಿ ಪ್ರೇಮಕಥೆ, ಪ್ರತಿ ಮಾಂತ್ರಿಕ ಕಾದಂಬರಿಯನ್ನೂ ಅವಳು ಓದಿ, ಕಪಾಟಿನ ಅಂಚಿಗೆ ಒಂದು ಚೀಟಿ ಅಂಟಿಸುತ್ತಿದ್ದಳು. ಅದಕ್ಕೆ ಅವಳೇ ಮಾಡಿಕೊಂಡ ನಿಯಮ ಮೂರು. ಮೂರು ಸಾಲು ದಾಟಬಾರದು. ಕಥೆಯ ಗುಟ್ಟು ಬಿಟ್ಟುಕೊಡಬಾರದು. ಓದಿ ಮುಗಿಸದ ಪುಸ್ತಕದ ಬಗ್ಗೆ ಒಂದು ಅಕ್ಷರವೂ ಬರೆಯಬಾರದು.

"ಈ ಡ್ರ್ಯಾಗನ್‌ಗೆ ನಾನೂರು ಪುಟ ಹಾರಿದರೂ ದಣಿವಿಲ್ಲ. ದಣಿಯುವುದು ನಾವು." "ನಾಯಕ ಪ್ರತಿ ಅಧ್ಯಾಯದಲ್ಲೂ ನಾಯಕಿಯ ಕೈ ಹಿಡಿದು ಎಳೆಯುತ್ತಾನೆ. ಇವಳಿಗೆ ಬೇಕಿರುವುದು ಪ್ರೀತಿಯಲ್ಲ, ಮೂಳೆ ಡಾಕ್ಟರು." "ಮಾಟಗಾತಿ ಚೆನ್ನಾಗಿದ್ದಾಳೆ. ಅವಳನ್ನು ಮದುವೆಯಾಗುವ ರಾಜ ಬೇಡವಾಗಿತ್ತು."

ಜನ ಚೀಟಿ ಓದುವುದಕ್ಕೆಂದೇ ಬರುತ್ತಿದ್ದರು. ಅವಳಿಗೆ 'ಚೀಟಿ' ಎಂದೇ ಹೆಸರು ಬಿದ್ದಿತ್ತು. ನಿವೃತ್ತ ನರ್ಸಮ್ಮ ಒಬ್ಬರಿದ್ದರು, ವಾರಕ್ಕೆರಡು ಪ್ರೇಮಕಥೆ ಮುಗಿಸುವವರು. ಅವರಂತೂ ಪುಸ್ತಕದ ಮುಖ ನೋಡದೆ ಚೀಟಿ ನೋಡಿಯೇ ಆರಿಸುತ್ತಿದ್ದರು. "ಊರೆಲ್ಲ ಹೊಗಳುತ್ತೆ ಕಣಮ್ಮಾ. ನಿಜ ಹೇಳೋಳು ನೀನೊಬ್ಬಳೇ," ಎನ್ನುತ್ತಿದ್ದರು. ಅವಳಿಗೆ ಆಸ್ತಿ ಅಂತ ಇದ್ದದ್ದು ಆ ಒಂದು ಮಾತು.

ತಿಂಗಳು ಕಳೆದ ಮೇಲೆ ನೀಲಿ ಅಂಗಿ ಮತ್ತೆ ಬಂತು. ಈ ಸಲ ಕೈಯಲ್ಲಿ ಸ್ಪೈರಲ್ ಹಾಕಿದ ದಪ್ಪ ಕಟ್ಟು.

"ಹೊಸದು. ಇನ್ನೂ ಯಾರೂ ಓದಿಲ್ಲ. ಧೈರ್ಯ ಇದ್ರೆ ಓದಿ."

"ಧೈರ್ಯ ಓದೋರಿಗೆ ಬೇಕಾಗುವಂಥ ಪುಸ್ತಕಾನಾ?" ಅವಳು ಹಾಳೆ ತಿರುವಿದಳು. "ಪುಟಸಂಖ್ಯೆ ಇಲ್ಲ. ಅಧ್ಯಾಯಕ್ಕೂ ನಂಬರಿಲ್ಲ."

"ಅಧ್ಯಾಯಕ್ಕೆ ಹೆಸರಿದೆಯಲ್ಲ. ಓದೋಕೆ ಮುಂಚೇನೇ ಶುರು ಮಾಡಿಬಿಟ್ರಾ?"

ಆ ರಾತ್ರಿಯೇ ಓದಿದಳು. ಒಂದು ಸುಳ್ಳು ಹೇಳಿದರೆ ಆಕಾಶದಲ್ಲಿ ಒಂದು ನಕ್ಷತ್ರ ಆರಿಹೋಗುವ ರಾಜ್ಯ. ನಕ್ಷತ್ರ ಎಣಿಸುವ ಕೆಲಸದವಳು ನಾಯಕಿ. ಪುಸ್ತಕ ಶುರುವಾಗುವುದೇ ಅವಳು ನಾಯಕನನ್ನು ಕ್ಷಮಿಸುವುದರಿಂದ! ಯಾವ ತಪ್ಪಿಗೆ? ಗೊತ್ತಿಲ್ಲ. ಅವನ ಸುಳ್ಳು ಯಾವುದು, ಆರಿದ ನಕ್ಷತ್ರ ಯಾವುದು ಅನ್ನುವುದು ಆಮೇಲೆ ಬರುತ್ತದೆ. ಅವರು ಮೊದಲ ಸಲ ಭೇಟಿಯಾಗುವುದು ಕೊನೆಯಲ್ಲಿ. ಆ ಭೇಟಿಯಲ್ಲಿ ಅವನು ಹೆಸರು ಕೇಳುವಾಗ, ಮುಂದೆ ಏನೇನಾಗುತ್ತದೆ ಅನ್ನುವುದು ಓದುವವರಿಗೆ ಮಾತ್ರ ಗೊತ್ತು... ಓದುತ್ತಿದ್ದವಳು ಅತ್ತಳು. ಪುಸ್ತಕ ಓದಿ ಅತ್ತು ಎಷ್ಟು ವರ್ಷವಾಗಿತ್ತೋ.

ಮರುದಿನ ಚೀಟಿ ಕೊಟ್ಟಳು. "ಈ ವರ್ಷ ಓದಿದ್ದರಲ್ಲಿ ಧೈರ್ಯವಿರುವ ಪ್ರೇಮಕಥೆ ಇದೊಂದೇ. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದೆ."

ಅವನು ಎರಡು ಸಲ ಓದಿದ. "ಇದರ ಬಗ್ಗೆ ಇನ್ನೊಂದು ಮಾತೂ ಹೇಳಬೇಡಿ, ಅಚ್ಚಾಗೋವರೆಗೆ. ಹೇಳಿದ್ರೆ ತಿದ್ದೋಕೆ ಕೂತ್ಕೋತೀನಿ, ಈ ಜನ್ಮದಲ್ಲಿ ಮುಗಿಯಲ್ಲ."

ಅವಳು ಹೇಳಲಿಲ್ಲ. ಬೇರೆಯವರ ಪುಸ್ತಕಗಳ ಬಗ್ಗೆ ಜಗಳವಾಡಿದರು, ಜಗಳದಲ್ಲೇ 'ನೀವು' 'ನೀನು' ಆಯಿತು. ಅವನು ಲಿಫ್ಟ್ ರಿಪೇರಿ ಮಾಡುವವನು. ಆ ಕಟ್ಟಡದ ಲಿಫ್ಟನ್ನು ಮುಂದಿನ ನಾಲ್ಕು ತಿಂಗಳಲ್ಲಿ ಪರೀಕ್ಷಿಸಿದಷ್ಟು ಹಿಂದೆಂದೂ ಯಾರೂ ಪರೀಕ್ಷಿಸಿರಲಿಲ್ಲ. ಮೇಲಿನ ಮನೆಯವರಿಗೇ ಗಾಬರಿಯಾಗಿ, ಲಿಫ್ಟಿಗೆ ಏನಾದರೂ ಅಪಾಯವಿದೆಯಾ ಎಂದು ಅತ್ತೆಯನ್ನು ಕೇಳಿದರು.

"ಲಿಫ್ಟಿಗೇನಿಲ್ಲ," ಎಂದರು ಅತ್ತೆ. "ಅಪಾಯ ನಮ್ಮ ಅಂಗಡಿಗೆ."

ಅವಳಿಗೂ ಗೊತ್ತಿತ್ತು. ಅವನು ಬರುವ ದಿನ ಏಣಿ ಹತ್ತಿದರೆ ಬಾಗಿಲ ಕಡೆಗೇ ಮುಖ. ಬಾರದ ದಿನ ಯಾವ ಪುಸ್ತಕವೂ ರುಚಿಸದು. ಪ್ರೀತಿ ಅಂತ ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ. ಅಷ್ಟರಲ್ಲಿ ಅವನನ್ನು ಕಂಪನಿಯವರು ದೂರದ ಊರಿಗೆ ಆರು ವಾರ ಕಳಿಸಿದರು, ಹೊಸ ಆಸ್ಪತ್ರೆಯೊಂದಕ್ಕೆ ಲಿಫ್ಟ್ ಜೋಡಿಸುವುದಕ್ಕೆ.

ಅವನ ಪುಸ್ತಕ ಅಚ್ಚಾಗಿ ಬಂದದ್ದು ಆಗಲೇ. ಹಿಂಬದಿಯ ರಕ್ಷಾಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ಅವಳ ಮಾತು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ಒಳಗೆ ತೆರೆದು ಓದಲಿಲ್ಲ, ಓದಿದ ಪುಸ್ತಕವೇ ತಾನೆ? ಕಪಾಟಿನ ಎದುರಿಗೇ ಜೋಡಿಸಿಟ್ಟಳು.

ವಾರದ ಮೇಲೆ ನರ್ಸಮ್ಮ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಧೈರ್ಯ ಅಂತ ಬರೆದಿದೀಯ. ಎಲ್ಲಿದೆಯಮ್ಮಾ? ಹುಡುಗ ಹುಡುಗಿ ಸಿಕ್ತಾರೆ, ಸುಳ್ಳು ಹೇಳ್ತಾನೆ, ಬಿಡ್ತಾಳೆ, ಕ್ಷಮಿಸ್ತಾಳೆ. ಕೆಟ್ಟದಾಗೇನಿಲ್ಲ. ಆದ್ರೆ ಇಂಥದ್ದು ನೂರು ಓದಿದೀನಿ." ಆಮೇಲೆ ಮೆಲ್ಲಗೆ, "ಆ ಲಿಫ್ಟಿನವನಿಗೋಸ್ಕರ ಬರೆದೆಯಾ? ಹೇಳಿಬಿಡು, ನಾನೇನೂ ಅಂದ್ಕೊಳ್ಳಲ್ಲ."

ಅಂದುಕೊಳ್ಳುವುದಿಲ್ಲವಂತೆ! ಅಂದುಕೊಂಡಾಗಿತ್ತು. ಅವರ ಕಣ್ಣಲ್ಲೇ ಕಾಣುತ್ತಿತ್ತು.

ಅವಳು ಪುಸ್ತಕ ತೆರೆದಳು. ಮೊದಲ ಅಧ್ಯಾಯದಲ್ಲೇ ಭೇಟಿ. ಎರಡನೆಯದರಲ್ಲಿ ಸ್ನೇಹ, ಮೂರನೆಯದರಲ್ಲಿ ಪ್ರೇಮ. ಅವಳು ಅತ್ತ ಪುಸ್ತಕ ಇದಲ್ಲ. ಪ್ರಕಾಶಕರನ್ನು ಮೆಚ್ಚಿಸಲು ಎಲ್ಲ ನೇರ ಮಾಡಿದ್ದಾನೆ, ಧೈರ್ಯವನ್ನೆಲ್ಲ ಕಿತ್ತು ಹಾಕಿದ್ದಾನೆ, ಆದರೆ ಅವಳ ಮಾತನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದಾನೆ.

'ನನ್ನ ಪ್ರೀತಿ ಬೇಕಾಗಿರಲಿಲ್ಲ ಇವನಿಗೆ. ನನ್ನ ಚೀಟಿ ಬೇಕಾಗಿತ್ತು...'

ಅಲ್ಲೇ ನಿಂತು ಬರೆದಳು. "ಹಿಂಬದಿಯ ಮಾತು ನನ್ನದು. ಆದರೆ ನಾನು ಓದಿದ್ದು ಈ ಪುಸ್ತಕವಲ್ಲ. ಇದನ್ನು ನಾನು ಮೆಚ್ಚಿಲ್ಲ, ನನ್ನನ್ನು ನಂಬಿ ಕೊಳ್ಳಬೇಡಿ."

ಮೂರನೇ ದಿನ ಪ್ರಕಾಶಕರ ಕಡೆಯ ಮನುಷ್ಯ ಬಂದ. ಇಸ್ತ್ರಿ ಅಂಗಿ, ಇಸ್ತ್ರಿ ಮಾತು.

"ಈ ಚೀಟಿ ತೆಗೀಬೇಕು, ಮೇಡಂ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ನಮ್ಮ ಪುಸ್ತಕ ಈ ಅಂಗಡಿಗೆ ಬರಲ್ಲ. ಒಂದೂ ಬರಲ್ಲ."

ಅಂಗಡಿಯ ಅರ್ಧ ಕಪಾಟು ಅವರದೇ. ಅವಳು ಅತ್ತೆಯ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ಸೋಲುತ್ತೇನೋ ಎಂಬ ಭಯ.

"ಚೀಟಿ ತೆಗೆಯಲ್ಲ," ಎಂದಳು. "ಪುಸ್ತಕದ ಬೆನ್ನಿಂದ ನನ್ನ ಮಾತು ತೆಗೀರಿ. ಆಗ ಇದನ್ನೂ ತೆಗೀತೀನಿ."

ಅವನು ಅತ್ತೆಯತ್ತ ತಿರುಗಿದ. "ಅಮ್ಮಾ, ನೀವು ದೊಡ್ಡೋರು. ನೀವಾದ್ರೂ ಹೇಳಿ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ವರ್ಷದಿಂದ 'ಸ್ವಲ್ಪ ಮೆತ್ತಗೆ ಬರಿಯೇ' ಎಂದು ಅವಳ ಬೆನ್ನು ಹತ್ತಿದ್ದವರು ಅವರೇ.

"ಮೆತ್ತಗೆ ಬರಿ ಅಂತ ನಾನು ಹೇಳೋದು ಬೇರೆ, ನೀವು ಹೇಳೋದು ಬೇರೆ. ನಾನು ಅವಳ ಅತ್ತೆ. ನೀವು ಯಾರು? ಅಂಗಡಿ ನನ್ನದು, ಕಪಾಟು ನನ್ನದು, ಚೀಟಿ ಅಲ್ಲೇ ಇರುತ್ತೆ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಆ ಶನಿವಾರ ಬೆಳಿಗ್ಗೆ ನೀಲಿ ಅಂಗಿ ಬಂತು. ಪ್ರಯಾಣದ ಚೀಲ ಇನ್ನೂ ಹೆಗಲಲ್ಲೇ ಇತ್ತು. ಮುಖ ಇಳಿದುಹೋಗಿತ್ತು.

"ಚೀಟಿ ನೋಡ್ದೆ," ಎಂದ. "ಬಯ್ಯಿ, ಬೇಡ ಅನ್ನಲ್ಲ. ಹೋದ ಸಲಾನೂ ಬೈದೆ. ಆದ್ರೆ 'ನಾನು ಓದಿದ್ದು ಈ ಪುಸ್ತಕ ಅಲ್ಲ' ಅಂತ ಯಾಕೆ ಬರೆದೆ? ನಾನು ಒಂದು ವಾಕ್ಯಾನೂ ಬದಲಾಯಿಸಿಲ್ಲ."

"ಸುಳ್ಳು ಹೇಳಬೇಡ."

"ನಾನು ಸುಳ್ಳು ಹೇಳಲ್ಲ."

"ಕ್ಷಮೆಯಿಂದ ಶುರುವಾಗುತ್ತಿತ್ತು ಆ ಪುಸ್ತಕ! ಭೇಟಿ ಕೊನೆಯಲ್ಲಿತ್ತು. ಅದಕ್ಕೇ ನಾನು ಧೈರ್ಯ ಅಂದಿದ್ದು. ಅದನ್ನ ಕಿತ್ತುಹಾಕಿ, ನನ್ನ ಮಾತಿಟ್ಟುಕೊಂಡು..."

"ಕ್ಷಮೆಯಿಂದ ಶುರುವಾಗೋದಾ? ಹಾಗೆ ಯಾರು ಬರೀತಾರೆ?"

ಅವಳು ಒಳಗೆ ಹೋಗಿ, ತನ್ನಲ್ಲೇ ಉಳಿದಿದ್ದ ಸ್ಪೈರಲ್ ಕಟ್ಟನ್ನು ತಂದು ಅವನ ಮುಂದೆ ಹಾಕಿದಳು. ಅವನು ಮೊದಲ ಹಾಳೆ ನೋಡಿದ. ಹತ್ತು ಹಾಳೆ ತಿರುವಿದ. ಮತ್ತೆ ಹತ್ತು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ.

"ಅಯ್ಯೋ..."

"ಏನು?"

"ಸ್ಪೈರಲ್ ಹಾಕಿಸೋಕೆ ಹೋಗಿದ್ದೆ. ಅಧ್ಯಾಯಕ್ಕೊಂದು ಪಿನ್ ಹೊಡೆದು ತೊಡೆ ಮೇಲಿಟ್ಕೊಂಡಿದ್ದೆ. ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದಾರೆ ಅಂತ ಫೋನ್ ಬಂತು. ಎದ್ದೆ. ಎಲ್ಲ ನೆಲಕ್ಕೆ ಬಿತ್ತು. ಬಾಚಿ ಅಂಗಡಿಯವರ ಕೈಗೆ ಕೊಟ್ಟು ಓಡಿದೆ. ನಂಬರ್ ಇರಲಿಲ್ಲವಲ್ಲ, ಅವರು ಹಾಗೇ ಸ್ಪೈರಲ್ ಹಾಕಿಬಿಟ್ಟಿದಾರೆ. ಪ್ರಕಾಶಕರಿಗೆ ಕೊಟ್ಟ ಪ್ರತಿ ಬೇರೆ, ಅದು ಸರಿಯಾಗೇ ಇತ್ತು." ಅವನು ತಲೆ ಎತ್ತಿದ. "ನೀನು ಮೆಚ್ಚಿದ್ದು ನಾನು ಬರೆದದ್ದನ್ನಲ್ಲ. ನೆಲಕ್ಕೆ ಬಿದ್ದದ್ದನ್ನ."

ಮೂರು ಸಾಲಿನಲ್ಲಿ ಗುಟ್ಟು ಬಿಡಬಾರದೆಂದು ಅವಳು ಕಾರಣ ಬರೆದಿರಲಿಲ್ಲ. ಕೇಳಿದರೆ ತಿದ್ದುತ್ತೇನೆಂದು ಅವನು ಕೇಳಿರಲಿಲ್ಲ. ಇಬ್ಬರೂ ಎಷ್ಟು ನಿಯಮವಂತರು, ನೋಡಿ!

"ಒಂದು ಕೇಳ್ಲಾ?" ಎಂದ ಅವನು. "ಆ ಚೀಟಿ ಬರೆಯೋಕೆ ಮುಂಚೆ... ಅಚ್ಚಾದ ಪುಸ್ತಕ ಪೂರ್ತಿ ಓದಿದೆಯಾ?"

ಅವಳು ಕಪಾಟಿನ ಅಂಚಿನ ಚೀಟಿಯತ್ತ ನೋಡಿದಳು. ಮೂರೇ ಮೂರು ಅಧ್ಯಾಯ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಿಯಮ ಮುರಿದಿದ್ದಳು, ಅದೂ ಇವನ ಪುಸ್ತಕಕ್ಕೆ, ಇವನ ಮೇಲಿನ ಕೋಪಕ್ಕೆ. ಅವನಿಗೆ ಅರ್ಥವಾಯಿತು. ಚೀಲ ಎತ್ತಿಕೊಂಡು ಎದ್ದ.

"ಸೋಮವಾರ ಬಾ," ಎಂದಳು. "ದಯವಿಟ್ಟು."

ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಅವಳು ಅಚ್ಚಾದ ಪುಸ್ತಕವನ್ನು ಕೊನೆಯ ಅಕ್ಷರದವರೆಗೆ ಓದಿದಳು.

ಸೋಮವಾರ ಅವನು ಬಂದಾಗ ಅಂಗಡಿಯಲ್ಲಿ ನರ್ಸಮ್ಮ ಇದ್ದರು, ಅತ್ತೆ ಇದ್ದರು. ಅವಳು ಹಳೆಯ ಚೀಟಿ ಕಿತ್ತು, ಹೊಸದನ್ನು ಎಲ್ಲರ ಎದುರಿಗೇ ಅಂಟಿಸಿದಳು. ಅವನು ಓದಿದ.

"ಲೇಖಕ ಮೋಸ ಮಾಡಿಲ್ಲ. ಅಧ್ಯಾಯ ಅದಲುಬದಲಾದ ಪ್ರತಿ ಓದಿ ಮೆಚ್ಚಿದವಳು, ಇದನ್ನು ಓದದೆ ಬೈದವಳು ನಾನು: ತಪ್ಪು ನನ್ನದು. ಈಗ ಪೂರ್ತಿ ಓದಿದ್ದೇನೆ: ಪರವಾಗಿಲ್ಲ, ನಾಯಕಿ ಹನ್ನೊಂದು ಸಲ ಊಟ ಮಾಡುತ್ತಾಳೆ."

"ನಿನ್ನ ಚೀಟಿ ಇನ್ನು ಯಾರು ನಂಬ್ತಾರೋ," ಎಂದರು ನರ್ಸಮ್ಮ, ಬೇಕೆಂದೇ.

"ನಂಬದಿದ್ರೆ ಬೇಡ. ನಿಜ ಬರೆದಿದೀನಿ."

ನರ್ಸಮ್ಮ ಆ ಪುಸ್ತಕದ ಪಕ್ಕದಲ್ಲಿದ್ದ ಇನ್ನೊಂದನ್ನು ಎತ್ತಿ, ಅದರ ಚೀಟಿ ಓದಿ, ಕಂಕುಳಲ್ಲಿಟ್ಟುಕೊಂಡು ಅತ್ತೆಯ ಕಡೆ ನಡೆದರು.

ಅವನಿನ್ನೂ ಚೀಟಿಯನ್ನೇ ನೋಡುತ್ತಿದ್ದ. "ಪರವಾಗಿಲ್ಲ, ಅಷ್ಟೇನಾ?"

"ಅಷ್ಟೇ."

"ನಿನ್ನನ್ನ ಪ್ರೀತಿಸ್ತೀನಿ ಅಂದ್ರೂ ಅಷ್ಟೇನಾ?"

ಅವಳು ತಲೆ ತಗ್ಗಿಸಲಿಲ್ಲ. "ನಾನೂ ಪ್ರೀತಿಸ್ತೀನಿ. ಆದ್ರೂ ಅಷ್ಟೇ. ಪುಸ್ತಕ ಬೇರೆ, ನೀನು ಬೇರೆ."

ಅವನು ನಕ್ಕ. ಆರು ವಾರದ ದೂರವೆಲ್ಲ ಆ ನಗುವಿನಲ್ಲಿ ಕರಗಿತು. "ನಮ್ಮದೂ ಅಧ್ಯಾಯ ಅದಲುಬದಲಾಗಿದೆ ಕಣೇ. ಜಗಳ ಮೊದಲು, ಪರಿಚಯ ಆಮೇಲೆ."

"ಅದಕ್ಕೇ ಚೆನ್ನಾಗಿದೆ."

"ಹಾಗಾದ್ರೆ ನನ್ನ ಬಗ್ಗೆ ಒಂದು ಚೀಟಿ ಬರೆದುಕೊಡು. ಮೂರು ಸಾಲು ಸಾಕು. ಜೇಬಲ್ಲಿಟ್ಕೋತೀನಿ."

ಅವಳು ಪೆನ್ನು ತೆಗೆದಳು, ಹಳದಿ ಕಾಗದ ಎಳೆದುಕೊಂಡಳು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ಪೆನ್ನಿನ ಮುಚ್ಚಳ ಹಾಕಿ, ಗ್ರೀಸು ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಗಲ್ಲ," ಎಂದಳು. "ಓದಿ ಮುಗಿಸದೆ ನಾನು ಬರೆಯೋದಿಲ್ಲ. ಒಂದು ಸಲ ಬರೆದು ಅನುಭವಿಸಿದೀನಿ."

"ಮುಗಿಸೋಕೆ ಎಷ್ಟು ದಿನ ಬೇಕು?"

"ನಾನು ನಿಧಾನವಾಗಿ ಓದ್ತೀನಿ."